ಓದುಗರ ಸ್ಪಂದನ: ಬೇರ್ ಆಕ್ಟ್ ಕೈಗೆ ಒಗ್ಗಲಿ

ಕಳೆದ ವಾರದ ಸಮಸ್ಯೆ: ಮದುವೆ, ಮಗು ಆದಮೇಲೆ ಎಲ್‌ಎಲ್‌ಬಿ ಮುಗಿಸಿ ವಕೀಲಿಕೆಯ ಸನ್ನದು ಪಡೆದಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆ (ಎಐಬಿಇ). ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಆ ದಿನ ನೆನೆದರೇ ಕೈ ನಡುಗುತ್ತದೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ತಂಗೀ, ಈ ಪರೀಕ್ಷೆಗೆ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲಪಾಠ ಮಾತ್ರ ಇರುವ ಪುಸ್ತಕ, ಒಯ್ಯಲು ಅವಕಾಶವಿದೆ. ಹಾಗಿರುವಾಗ ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಿ ಯಾಕೆ ಸುಸ್ತಾಗುತ್ತೀರಿ? ಯಾವುದು ಎಲ್ಲಿದೆ ಎಂಬುದು ಗೊತ್ತಿದ್ದರೆ ಅರ್ಧ ಗೆದ್ದಂತೆ. ಪ್ರತಿ ಕಾಯ್ದೆಯ ಆರಂಭದಲ್ಲಿ ಸೆಕ್ಷನ್‌ಗಳ ಪಟ್ಟಿ ಇರುತ್ತದಲ್ಲ, ಅದರ ಮೇಲೆ ದಿನಾ ಕಣ್ಣಾಡಿಸಿ. ಆಮೇಲೆ ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಗಡಿಯಾರ ನೋಡುತ್ತ ಉತ್ತರ ಹುಡುಕಿ. ಮೊದಮೊದಲು ಪುಟ ತಿರುವುವುದರಲ್ಲೇ ಹೊತ್ತು ಹೋಗುತ್ತದೆ, ಬರಬರುತ್ತ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

2024ರ ಜುಲೈ 1ರಿಂದ ಕ್ರಿಮಿನಲ್ ಕಾಯ್ದೆಗಳು ಬದಲಾಗಿವೆ. ಹಳೇ ದಂಡಸಂಹಿತೆಯಲ್ಲಿ (ಐಪಿಸಿ) ಕೊಲೆಯ ಸೆಕ್ಷನ್ 302 ಈಗ ಭಾರತೀಯ ನ್ಯಾಯ ಸಂಹಿತೆಯ 103, ವಂಚನೆಯ 420 ಈಗ 318. ಹಳೇ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಎಫ್‌ಐಆರ್‌ನ 154 ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173 ಆಗಿದೆ. ಹಳೇ ನಂಬರು ನಾಲಿಗೆ ಮೇಲಿದ್ದರೆ ಗಲಿಬಿಲಿಯಾಗುವುದು ಇಲ್ಲೇ. ಈ ಎರಡು ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ, ಹೊಸ ಮೂರನ್ನೂ ತಪ್ಪದೆ ಒಯ್ಯಿರಿ.

ಇನ್ನೊಂದು ಮಾತು. ಟಿಪ್ಪಣಿ, ವ್ಯಾಖ್ಯಾನ ಇರುವ ಪುಸ್ತಕ ಒಳಗೆ ಬಿಡುವುದಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ್ದರೂ ತಕರಾರು ಬರಬಹುದು. ಗೆರೆ ಎಳೆದು ಓದುವ ಅಭ್ಯಾಸವಿದ್ದರೆ ಅದೇ ಪ್ರಕಾಶಕರ, ಅದೇ ಮುದ್ರಣದ ಇನ್ನೊಂದು ಪ್ರತಿ ತೆಗೆದಿಟ್ಟುಕೊಳ್ಳಿ. ಆಗ ಪುಟವೂ ಬದಲಾಗುವುದಿಲ್ಲ.
– ವಕೀಲೆ, ದಾವಣಗೆರೆ

ಒಟ್ಟು 100 ಪ್ರಶ್ನೆ, ಒಂದಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ. ಎಲ್ಲಕ್ಕೂ ಪುಸ್ತಕ ತೆರೆಯುತ್ತ ಕೂತರೆ ಮುಗಿಯುವುದಿಲ್ಲ. ಗೊತ್ತಿರುವುದನ್ನು ಮೊದಲು ಮುಗಿಸಿ, ಹುಡುಕಬೇಕಾದ್ದನ್ನು ಕೊನೆಗಿಡಿ. ಆದರೆ ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಓಎಂಆರ್ ಹಾಳೆಯಲ್ಲೂ (ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ) ಆ ಸಾಲು ಬಿಟ್ಟಿದ್ದೀರಾ ನೋಡಿ. ಒಂದು ಸಾಲು ಜಾರಿದರೆ ಕೆಳಗಿನದೆಲ್ಲ ತಪ್ಪಾಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಸಂವಿಧಾನ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ನಾಗರಿಕ ಸುರಕ್ಷಾ ಸಂಹಿತೆಗೆ ತಲಾ 10 ಅಂಕ, ಕಂಪನಿ ಮತ್ತು ಸೈಬರ್ ಕಾನೂನಿಗೆ ಎರಡೆರಡೇ. ಉಳಿದಿರುವ ದಿನಗಳನ್ನು ಹಾಗೆಯೇ ಹಂಚಿಕೊಳ್ಳಿ. ಪಾಸಾಗಲು 45 ಸಾಕು, ಪರಿಶಿಷ್ಟರಿಗೆ 40. ಈ ಸಲ ಆಗದಿದ್ದರೂ ಮತ್ತೆ ಬರೆಯಬಹುದು, ಸಲಗಳಿಗೆ ಮಿತಿಯಿಲ್ಲ.
– ಕಿರಿಯ ವಕೀಲ, ತುಮಕೂರು

ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಸೀದಾ ಪರೀಕ್ಷೆಗೆ ಕೂರಬೇಡಮ್ಮ. ಹಿಂದಿನ ದಿನವೇ ಬೆಂಗಳೂರು ಸೇರಿ, ಸಂಜೆ ಸೆಂಟರಿನ ಗೇಟು ನೋಡಿಕೊಂಡು ಬಾ. ಪ್ರವೇಶಪತ್ರ, ಗುರುತಿನ ಚೀಟಿ, ಎರಡು ಬಾಲ್‌ಪೆನ್ನು ಅವತ್ತೇ ಚೀಲಕ್ಕೆ ಹಾಕಿಡು. ಮಗುವನ್ನು ಅಜ್ಜಿಯ ಹತ್ತಿರವೋ ಅದರ ಅಪ್ಪನ ಹತ್ತಿರವೋ ಬಿಟ್ಟು ಬಾ, ಬೇಜಾರು ಮಾಡಿಕೊಳ್ಳಬೇಡ. ಪರೀಕ್ಷೆ ಮುಗಿಯುವವರೆಗೆ ಫೋನು ಸಿಗುವುದಿಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿಡು.
– ನಿವೃತ್ತ ಶಿಕ್ಷಕಿ, ರಾಣೆಬೆನ್ನೂರು