ಶಾಲೆಯವರು ಕೌನ್ಸಿಲ್ (ಸ್ಥಳೀಯ ಆಡಳಿತ) ಕೇಳಿ ಅಂತಾರೆ, ಕೌನ್ಸಿಲಿನವರು ಶಾಲೆ ಕೇಳಿ ಅಂತಾರೆ. ರಿಸೆಪ್ಷನ್ (ಶಾಲೆಯ ಮೊದಲ ವರ್ಷ) ಸೀಟು ನಿಜಕ್ಕೂ ಯಾರ ಕೈಯಲ್ಲಿದೆ?

ಗಡಿಮನೆ:

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯಿತು. ಮಗಳು 2022ರ ಮಾರ್ಚಿನಲ್ಲಿ ಹುಟ್ಟಿದವಳು, ಹಾಗಾಗಿ 2026ರ ಸೆಪ್ಟೆಂಬರಿಗೆ ರಿಸೆಪ್ಷನ್. ಅರ್ಜಿಗೆ ಜನವರಿ 15 ಕೊನೇ ದಿನ ಅಂತ ನರ್ಸರಿಯವರು ಹೇಳಿದ ಮೇಲೇ ನಮಗೆ ಎಚ್ಚರವಾಗಿದ್ದು.

ಮನೆ ಹತ್ತಿರ ಮೂರು ಶಾಲೆ ಇವೆ. ಒಂದು ಚರ್ಚ್ ಶಾಲೆ, ಎರಡು ನಿಮಿಷದ ನಡಿಗೆ. ಇನ್ನೊಂದು ಅಕಾಡೆಮಿ (ಟ್ರಸ್ಟ್ ನಡೆಸುವ ಸರ್ಕಾರಿ ಶಾಲೆ), ರೈಲು ಹಳಿಯ ಆಚೆ. ಮೂರನೆಯದು ಕಮ್ಯುನಿಟಿ ಶಾಲೆ (ಕೌನ್ಸಿಲ್ಲೇ ನಡೆಸುವುದು), ಅದು ದೊಡ್ಡ ರಸ್ತೆ ದಾಟಿದರೆ ಸಿಗುತ್ತದೆ, ಆದರೆ ಆ ರಸ್ತೆಯೇ ಗಡಿ. ಆಚೆ ಕಡೆ ಬೇರೆ ಕೌನ್ಸಿಲ್. ನಮಗೆ ಇಷ್ಟವಾಗಿದ್ದು ಅದೇ, ನೋಡಿ.

ಎಲ್ಲರಿಗೂ ಫೋನ್ ಮಾಡಿದೆ. ಅಕಾಡೆಮಿಯವರು "ಕೌನ್ಸಿಲಿಗೆ ಅರ್ಜಿ ಹಾಕಿ" ಅಂದರು. ಕೌನ್ಸಿಲಿಗೆ ಮಾಡಿದರೆ "ಆ ಶಾಲೆಯ ಪಾಲಿಸಿ ನಮ್ಮದಲ್ಲ, ಅವರ ವೆಬ್‌ಸೈಟ್ ಓದಿ" ಅಂದರು. ಚರ್ಚ್ ಶಾಲೆಯವರು ಕೌನ್ಸಿಲ್ ಫಾರ್ಮೂ ತುಂಬಬೇಕು, ನಮ್ಮದೂ ತುಂಬಬೇಕು ಅಂದರು. ಇದರ ಮೇಲೆ ಪಕ್ಕದ ಮನೆಯವರ ಸಲಹೆ: ಸುಲಭವಾಗಿ ಸಿಗುವ ಶಾಲೆಯನ್ನೇ ಮೊದಲು ಬರೆಯಿರಿ, ಎರಡನೇದಾಗಿ ಬರೆದರೆ ಅವರು ಸೀಟು ಕೊಡಲ್ಲ. ಆಫೀಸಿನ ಗೆಳೆಯ ಒಬ್ಬ ಇನ್ನೂ ಒಂದು ಹೆಜ್ಜೆ ಮುಂದೆ. ಒಂದೇ ಶಾಲೆ ಬರಿ, ಬೇರೆ ದಾರಿ ಇಲ್ಲದೆ ಅದನ್ನೇ ಕೊಡುತ್ತಾರೆ ಅಂತ ಅವನ ವಾದ. ಯಾರನ್ನ ನಂಬಲಿ?

ಎರಡುಸಲದಅಮ್ಮ:

ಮೊದಲು ಪಕ್ಕದ ಮನೆಯವರ ಮಾತು ಬಿಡಿ, ಗೆಳೆಯನ ಮಾತಂತೂ ಬಿಟ್ಟೇಬಿಡಿ.

ನನಗೆ ಇದು ಅರ್ಥ ಆಗಿದ್ದು ಎರಡನೇ ಮಗುವಿನ ಸಮಯಕ್ಕೆ. ಊಟದ ಪಂಕ್ತಿ ನೆನೆಸಿಕೊಳ್ಳಿ, ಅಡುಗೆ ಮಾಡುವವರು ಬೇರೆ, ಬಡಿಸುವವರು ಬೇರೆ. ಯಾವ ಮಗುವಿಗೆ ಮೊದಲು, ಯಾರಿಗೆ ಆಮೇಲೆ ಅನ್ನುವ ನಿಯಮ ಬರೆಯುವುದು ಅಡುಗೆ. ಆ ಅಧಿಕಾರ ಕಮ್ಯುನಿಟಿ ಶಾಲೆಯಾದರೆ ಕೌನ್ಸಿಲಿನದು, ಅಕಾಡೆಮಿಯಾದರೆ ಅದರ ಟ್ರಸ್ಟಿನದು, ಚರ್ಚ್ ನಡೆಸುವ ವಾಲಂಟರಿ ಏಡೆಡ್ ಶಾಲೆಯಾದರೆ ಅದರ ಗವರ್ನರುಗಳದು, ಅಂದರೆ ಆಡಳಿತ ಮಂಡಳಿಯದು. ಬಡಿಸುವುದು ಮಾತ್ರ ಎಲ್ಲಾ ಶಾಲೆಗೂ ಕೌನ್ಸಿಲ್ಲೇ. ಅರ್ಜಿ ತಗೊಂಡು, ಎಲ್ಲರ ಪಟ್ಟಿ ಸೇರಿಸಿ, ಒಂದು ಮಗುವಿಗೆ ಒಂದೇ ಸೀಟು ಬರುವ ಹಾಗೆ ನೋಡಿಕೊಳ್ಳುತ್ತದೆ. ನಿಮಗೆ ಫೋನಿನಲ್ಲಿ ಯಾರೂ ಸುಳ್ಳು ಹೇಳಿಲ್ಲ. ಇಬ್ಬರೂ ಅರ್ಧರ್ಧ ನಿಜ ಹೇಳಿದರು ಅಷ್ಟೆ.

ನಿಯಮ ಬರೆಯುವವರೂ ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ. ಮೇಲೆ ಸ್ಕೂಲ್ ಅಡ್ಮಿಷನ್ಸ್ ಕೋಡ್ ಅಂತ ಸರ್ಕಾರದ ನಿಯಮಾವಳಿ ಇದೆ, ಈಗ ನಡೆಯುತ್ತಿರುವುದು 2021ರದು. ಅಪ್ಪ ಅಮ್ಮನ ಕೆಲಸ, ಸಂಬಳ ಕೇಳುವಂತಿಲ್ಲ, ಇಂಟರ್ವ್ಯೂ ಮಾಡುವಂತಿಲ್ಲ, ಅಡ್ಮಿಷನ್ನಿಗಾಗಿ ದುಡ್ಡು ಕೇಳುವಂತಿಲ್ಲ.

ಇನ್ನು ಆರ್ಡರ್ ವಿಷಯ. ನೀವು 1. ರಸ್ತೆಯಾಚೆಯ ಶಾಲೆ, 2. ಅಕಾಡೆಮಿ, 3. ಚರ್ಚ್ ಶಾಲೆ ಅಂತ ಬರೆದಿರಿ ಅಂತಿಟ್ಟುಕೊಳ್ಳಿ. ನೀವು ಎಷ್ಟನೇ ನಂಬರಿನಲ್ಲಿ ಬರೆದಿದ್ದೀರಿ ಅನ್ನುವುದನ್ನು ಶಾಲೆ ಲೆಕ್ಕಕ್ಕೆ ತಗೊಳ್ಳುವ ಹಾಗೇ ಇಲ್ಲ. ಮೂರು ಕಡೆಯೂ ತಮ್ಮ ತಮ್ಮ ನಿಯಮದ ಪ್ರಕಾರ ಅರ್ಜಿ ಹಾಕಿದ ಎಲ್ಲಾ ಮಕ್ಕಳನ್ನೂ ಸಾಲಾಗಿ ನಿಲ್ಲಿಸುತ್ತಾರೆ. ಮೊದಲನೇ ಶಾಲೆಯ 60 ಸೀಟಿಗೆ ನಿಮ್ಮ ಮಗಳು 71ನೆಯವಳು, ಸಿಗಲಿಲ್ಲ. ಅಕಾಡೆಮಿಯ 60ರಲ್ಲಿ 22ನೆಯವಳು, ಸಿಕ್ಕಿತು. ಚರ್ಚ್ ಶಾಲೆಯ 30ರಲ್ಲಿ 28ನೆಯವಳು, ಅದೂ ಸಿಕ್ಕಿತು. ಈಗ ಕೌನ್ಸಿಲ್ ನಿಮ್ಮ ಫಾರ್ಮ್ ತೆಗೆದು ನೋಡುತ್ತದೆ. ಸಿಕ್ಕಿರುವ ಎರಡರಲ್ಲಿ ನೀವು ಮೇಲೆ ಬರೆದದ್ದು ಅಕಾಡೆಮಿ, ಅದು ನಿಮಗೆ. ಚರ್ಚ್ ಶಾಲೆಯ ನಿಮ್ಮ ಜಾಗ ಅಲ್ಲಿ 31ನೆಯವರಾಗಿ ನಿಂತ ಮಗುವಿಗೆ. ಆ ಮಗು ಬೇರೆ ಎಲ್ಲೋ ಒಂದು ಸೀಟು ಬಿಟ್ಟುಕೊಡುತ್ತದೆ, ಅಲ್ಲಿಂದ ಇನ್ನೊಂದು. ಹೀಗೆ ಸುತ್ತುತ್ತಾ ಸುತ್ತುತ್ತಾ ಎಲ್ಲಾ ನಿಲ್ಲುವ ತನಕ ಕಂಪ್ಯೂಟರ್ ಬಿಡುವುದಿಲ್ಲ.

ಹಾಗಾಗಿ ಮೊದಲನೆಯದನ್ನು ಆಸೆಪಟ್ಟು ಬರೆದರೆ ಏನೂ ನಷ್ಟ ಇಲ್ಲ. ಪಕ್ಕದ ಮನೆಯವರದು ಪೂರ್ತಿ ಕಟ್ಟುಕಥೆಯೂ ಅಲ್ಲ ಅನ್ನಿ. ಮೊದಲು ಕೆಲವು ಶಾಲೆಗಳು ತಮ್ಮನ್ನು ಮೊದಲು ಬರೆದವರಿಗೇ ಮೊದಲು ಕೊಡುತ್ತಿದ್ದವು. 2007ರ ಕೋಡ್ ಅದನ್ನು ನಿಷೇಧಿಸಿತು. ನಿಯಮ ಹೋಯಿತು, ಸಲಹೆ ಮಾತ್ರ ಇನ್ನೂ ಉಳಿದಿದೆ.

ಗಡಿಯ ಬಗ್ಗೆ: ಬೇರೆ ಕೌನ್ಸಿಲಿನವರು ಅನ್ನುವ ಒಂದೇ ಕಾರಣಕ್ಕೆ ನಿಮ್ಮನ್ನು ಹಿಂದೆ ಹಾಕುವಂತಿಲ್ಲ. 1989ರಲ್ಲಿ ಗ್ರೀನಿಚ್ ಕೌನ್ಸಿಲ್ ವಿರುದ್ಧ ಬಂದ ಕೋರ್ಟ್ ತೀರ್ಪು ಅದು. ಆದರೆ ಅರ್ಜಿ ನಿಮ್ಮ ಕೌನ್ಸಿಲಿಗೇ ಹಾಕಬೇಕು, ಆ ಶಾಲೆಯ ಹೆಸರನ್ನೂ ಅದೇ ಫಾರ್ಮಿನಲ್ಲಿ ಬರೆಯಬೇಕು. ಎರಡೂ ಕೌನ್ಸಿಲುಗಳು ಹಿಂದಿನಿಂದ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಆಚೆ ಕೌನ್ಸಿಲಿಗೆ ಬೇರೆ ಅರ್ಜಿ ಹಾಕಲು ಹೋಗಬೇಡಿ. ಹಾಂ, ಆ ಶಾಲೆಗೆ ಆದ್ಯತೆಯ ನಿಗದಿತ ಪ್ರದೇಶ, ಅಂದರೆ ಕ್ಯಾಚ್‌ಮೆಂಟ್ ಇದ್ದರೆ ಅದು ಬೇರೆ ಮಾತು. ಆ ಗೆರೆ ಎಲ್ಲಿ ಹೋಗುತ್ತದೆ ಅಂತ ಮ್ಯಾಪ್ ನೋಡಿ.

ಸ್ವೆಟರ್_ಅಟ್ಟದಲ್ಲಿದೆ:

ಒಂದೇ ಶಾಲೆ ಬರೆದ ಆ ಬುದ್ಧಿವಂತ ನಾನೇ. ಸಾರ್, ದಯವಿಟ್ಟು ಬೇಡ.

ಏಪ್ರಿಲ್ 16ರಂದು ಮೇಲ್ ಬಂತು. ನಾವು ಬರೆದದ್ದು ಸಿಕ್ಕಿರಲಿಲ್ಲ, ಅದು ಬಿಡಿ. ಕೊಟ್ಟದ್ದು ಎರಡು ಬಸ್ ಬದಲಾಯಿಸಿ ಹೋಗಬೇಕಾದ ಶಾಲೆ. ಯಾಕೆ ಅಂದರೆ ಮಿಕ್ಕ ಸಾಲುಗಳು ಖಾಲಿ. ಹತ್ತಿರದ ಇನ್ನೆರಡು ಶಾಲೆ ಅವುಗಳನ್ನು ಬರೆದವರಿಗೆ ಹೋಗಿಬಿಟ್ಟಿದ್ದವು, ನಮಗೆ ಎಲ್ಲಿ ಜಾಗ ಉಳಿದಿತ್ತೋ ಅಲ್ಲಿ. ಬೇರೆ ಶಾಲೆ ಬರೆಯದಿದ್ದರೆ ಕೌನ್ಸಿಲಿನ ಮೇಲೆ ಒತ್ತಡ ಬರುವುದಿಲ್ಲ, ಅವರ ಕೆಲಸ ಕಮ್ಮಿ ಆಗುತ್ತದೆ ಅಷ್ಟೆ.

ಅಪೀಲ್ ಮಾಡಿದೆವು. ಮೂರು ಜನ ಕೂತಿದ್ದರು, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಕ್ಲರ್ಕ್. ನಾನು ರಾತ್ರಿಯಿಡೀ ತಯಾರಿ ಮಾಡಿಕೊಂಡು ಹೋಗಿದ್ದೆ, ಹೆಂಡತಿಯ ಶಿಫ್ಟು, ಬಸ್ಸಿನ ಟೈಮ್‌ಟೇಬಲ್, ಮಗನ ಗೆಳೆಯರು ಎಲ್ಲಾ. ಪೂರ್ತಿ ಕೇಳಿಸಿಕೊಂಡರು, ಮರ್ಯಾದೆಯಾಗಿಯೇ. ಆಮೇಲೆ ಅವರಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಸಾಲು ಜೋಡಿಸಲು ಮನೆಯಿಂದ ಶಾಲೆಗೆ ದೂರ ಅಳೆದದ್ದರಲ್ಲಿ ತಪ್ಪಾಗಿದೆ ಅಂತ ನಿಮಗೆ ಅನಿಸುತ್ತದೆಯೇ? ಇಲ್ಲ ಅಂದೆ. ಅಲ್ಲಿಗೆ ಮುಗಿಯಿತು. ರಿಸೆಪ್ಷನ್, ಇಯರ್ ಒನ್, ಇಯರ್ ಟೂ ಈ ಮೂರು ತರಗತಿಯಲ್ಲಿ ಒಬ್ಬ ಟೀಚರಿಗೆ 30 ಮಕ್ಕಳು ಅನ್ನುವುದು ಕಾನೂನು. ಆ ಮಿತಿಯ ಕಾರಣಕ್ಕೆ ಸೀಟು ಇಲ್ಲ ಅಂದಿದ್ದರೆ, ನಿಯಮ ತಪ್ಪಾಗಿತ್ತು ಅಥವಾ ಅದನ್ನು ತಪ್ಪಾಗಿ ಹಚ್ಚಿದರು ಅಂತಲೋ, ತೀರ್ಮಾನಕ್ಕೆ ಅರ್ಥವೇ ಇಲ್ಲ ಅಂತಲೋ ತೋರಿಸಬೇಕು. ನಮ್ಮ ಕಷ್ಟ ಎಷ್ಟೇ ದೊಡ್ಡದಿದ್ದರೂ ಆ ತಕ್ಕಡಿಗೆ ಬರುವುದೇ ಇಲ್ಲ.

ವೇಟಿಂಗ್ ಲಿಸ್ಟಿನಲ್ಲಿ ನಾಲ್ಕನೆಯವರಾಗಿದ್ದೆವು. ಜುಲೈಯಲ್ಲಿ ಕೇಳಿದರೆ ಆರು! ರೇಗಿಹೋಯಿತು. ಆಮೇಲೆ ಗೊತ್ತಾಯಿತು, ಅದು ಮೊದಲು ಬಂದವರಿಗೆ ಮೊದಲು ಅನ್ನುವ ಕ್ಯೂ ಅಲ್ಲ, ಹೊಸ ಹೆಸರು ಸೇರಿದಾಗಲೆಲ್ಲ ಅದೇ ನಿಯಮದ ಪ್ರಕಾರ ಮತ್ತೆ ಜೋಡಿಸುತ್ತಾರೆ. ಯಾರೋ ಇಬ್ಬರು ನಮಗಿಂತ ಹತ್ತಿರಕ್ಕೆ ಮನೆ ಮಾಡಿದ್ದರು. ಕೊನೆಗೆ ಅಕ್ಟೋಬರಿನಲ್ಲಿ ಸೀಟು ಬಂತು. ಅಷ್ಟರಲ್ಲಿ ಮೊದಲು ಕೊಟ್ಟಿದ್ದ ಶಾಲೆಯ ಲೋಗೋ ಇರುವ ಎರಡು ಸ್ವೆಟರ್ ಕೊಂಡಾಗಿತ್ತು. ಲಿಸ್ಟನ್ನು ಡಿಸೆಂಬರ್ 31ರ ತನಕವಾದರೂ ಇಟ್ಟಿರಲೇಬೇಕು, ಹಾಗಾಗಿ ಸೀಟು ಸಿಗದಿದ್ದರೆ ಹೆಸರು ತೆಗೆಸಬೇಡಿ. ಕೊಟ್ಟ ಸೀಟನ್ನೂ ಬೇಡ ಅನ್ನಬೇಡಿ, ಅದನ್ನು ಇಟ್ಟುಕೊಂಡೇ ಕಾಯಬಹುದು.

ಅಳತೆಪಟ್ಟಿ:

ಎಲ್ಲರೂ ಆಫ್‌ಸ್ಟೆಡ್ ಅನ್ನುವ ಶಾಲಾ ತಪಾಸಣಾ ಸಂಸ್ಥೆಯ ರಿಪೋರ್ಟ್ ಹಿಡಿದುಕೊಂಡು ಕೂರುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಹೋದ ವರ್ಷ ಕೊನೇ ಸೀಟು ಎಷ್ಟು ದೂರದ ಮಗುವಿಗೆ ಸಿಕ್ಕಿತು ಅನ್ನುವುದು. ಬಹಳಷ್ಟು ಕೌನ್ಸಿಲುಗಳು ಇದನ್ನು ಹಾಕಿರುತ್ತವೆ, ಪ್ರತಿ ಸೆಪ್ಟೆಂಬರ್ 12ರೊಳಗೆ ತರುವ ಪುಸ್ತಿಕೆಯಲ್ಲೋ ವೆಬ್‌ಸೈಟಿನಲ್ಲೋ. ಒಂದು ವರ್ಷದ್ದು ಮಾತ್ರ ನೋಡಿ ನೆಮ್ಮದಿಯಾಗಬೇಡಿ, ಮೂರು ವರ್ಷದ್ದು ನೋಡಿ. ಅಕ್ಕ ಅಣ್ಣ ಅದೇ ಶಾಲೆಯಲ್ಲಿರುವುದರಿಂದ ಆದ್ಯತೆ ಸಿಗುವ ಪುಟಾಣಿಗಳು ಒಂದು ವರ್ಷ ಜಾಸ್ತಿ ಬಂದರೆ ಸಾಕು, ದೂರದ ಗೆರೆ ಒಮ್ಮೆಗೇ ಒಳಗೆ ಸರಿದುಬಿಡುತ್ತದೆ.

ದೂರ ಅಂದರೆ ಯಾವ ದೂರ ಅನ್ನುವುದನ್ನೂ ಓದಿ. ಕೆಲವು ಕಡೆ ನೇರ ಗೆರೆ, ಕೆಲವು ಕಡೆ ನಡೆಯುವ ದಾರಿ. ಕೆಲವರು ಶಾಲೆಯ ಗೇಟಿಗೆ ಅಳೆಯುತ್ತಾರೆ, ಕೆಲವರು ಕಟ್ಟಡದ ಒಂದು ನಿಗದಿ ಜಾಗಕ್ಕೆ. ಗೂಗಲ್ ಮ್ಯಾಪಿನ ಅಳತೆ ಅವರ ಸಾಫ್ಟ್‌ವೇರಿನ ಅಳತೆಗೆ ತಾಳೆಯಾಗುವುದಿಲ್ಲ, ಅಂದಾಜಿಗೆ ಸಾಕು. ಎಲ್ಲಾ ಕಡೆ ದೂರವೇ ದೇವರು ಅಂತಲೂ ಇಲ್ಲ. ಬ್ರೈಟನ್‌ನಲ್ಲಿ 2008ರಿಂದ ಸೆಕೆಂಡರಿ ಶಾಲೆಗೆ ಕ್ಯಾಚ್‌ಮೆಂಟಿನೊಳಗೆ ಲಾಟರಿ ತಂದರು. ಆಗ ದೊಡ್ಡ ಗಲಾಟೆಯೇ ಆಗಿತ್ತು.

ಚರ್ಚ್ ಶಾಲೆಯ ಎರಡನೇ ಫಾರ್ಮ್ ನೇರ ಶಾಲೆಗೇ ಕೊಡುವುದು. ಅದನ್ನು ಕೊಡದಿದ್ದರೆ ಅರ್ಜಿ ರದ್ದಾಗುವುದಿಲ್ಲ, ಆದರೆ ಸಾಮಾನ್ಯವಾಗಿ ಕೊನೇ ಗುಂಪಿಗೆ ಬೀಳುತ್ತೀರಿ. ನೀವು ಆ ಧರ್ಮದವರಲ್ಲದಿದ್ದರೆ ಹೆಚ್ಚಿನ ಕಡೆ ಕೆಳಗಿನ ಗುಂಪೇ, ಅದರ ಬಗ್ಗೆ ಬೇಜಾರು ಬೇಡ. ಸೀಟು ಉಳಿದರೆ ಅವರು ಧರ್ಮ ನೋಡಿ ಬೇಡ ಅನ್ನುವಂತಿಲ್ಲ. ಕೆಲವು ಚರ್ಚ್ ಆಫ್ ಇಂಗ್ಲೆಂಡ್ ಶಾಲೆಗಳು ಸುತ್ತಲಿನ ಮಕ್ಕಳಿಗೆ ಅಂತಲೇ ಒಂದಿಷ್ಟು ಸೀಟು ಇಟ್ಟಿರುತ್ತವೆ. ಪಾಲಿಸಿ ಓದದೆ ಸುಮ್ನೆ ಬಿಡಬೇಡಿ.

ಉತ್ತರದಚಳಿ:

ಇದೆಲ್ಲ ಇಂಗ್ಲೆಂಡಿನ ಕಥೆ ಅಂತ ಓದುವ ಬೇರೆಯವರಿಗೆ ನೆನಪಿರಲಿ. ನಾವಿರುವ ಸ್ಕಾಟ್ಲೆಂಡಿನಲ್ಲಿ ಮನೆ ಯಾವ ಕ್ಯಾಚ್‌ಮೆಂಟಿನಲ್ಲಿದೆಯೋ ಆ ಶಾಲೆ, ಬೇರೆ ಬೇಕಾದರೆ ಪ್ಲೇಸಿಂಗ್ ರಿಕ್ವೆಸ್ಟ್ ಹಾಕಬೇಕು. ನಿಮ್ಮ ಜನವರಿ 15 ನಮಗಿಲ್ಲ.

ಗಡಿಮನೆ:

ತುಂಬಾ ಥ್ಯಾಂಕ್ಸ್, ಎರಡು ವಾರದ ಗೊಂದಲ ಒಂದು ಸಂಜೆಯಲ್ಲಿ ಹೋಯಿತು. ಇನ್ನೆರಡು ಪ್ರಶ್ನೆ. ನಾವು ವರ್ಕ್ ವೀಸಾದಲ್ಲಿದ್ದೇವೆ, ಅದರಿಂದ ಸಾಲಿನಲ್ಲಿ ಹಿಂದೆ ಬೀಳುತ್ತೇವಾ? ಮತ್ತೆ ಫೆಬ್ರವರಿಯಲ್ಲಿ ಬಾಡಿಗೆ ಕರಾರು ಮುಗಿಯುತ್ತದೆ, ಮನೆ ಬದಲಾದರೆ?

ಎರಡುಸಲದಅಮ್ಮ:

ವೀಸಾಕ್ಕೂ ಸಾಲಿಗೂ ಸಂಬಂಧ ಇಲ್ಲ. ನಿಮ್ಮ ಜೊತೆ ಇಲ್ಲಿ ಬಂದಿರುವ ಮಗು ಸರ್ಕಾರಿ ಶಾಲೆಗೆ ಹೋಗಬಹುದು, ಶಾಲೆಯವರು ವೀಸಾ ನೋಡಿ ಸೀಟು ತಡೆಯುವಂತಿಲ್ಲ.

ಮನೆ ವಿಷಯ ಸ್ವಲ್ಪ ಸೂಕ್ಷ್ಮ. ಹೊಸ ವಿಳಾಸವನ್ನು ಯಾವ ತಾರೀಖಿನ ತನಕ ಒಪ್ಪುತ್ತಾರೆ ಅನ್ನುವುದು ಒಂದೊಂದು ಕೌನ್ಸಿಲಿನ ಸ್ಕೀಮಿನಲ್ಲಿ ಒಂದೊಂದು ಥರ. ಈಗಿರುವ ಮನೆಯ ವಿಳಾಸದಿಂದಲೇ ಜನವರಿ 15ರೊಳಗೆ ಹಾಕಿಬಿಡಿ, ಬದಲಾದ ದಿನವೇ ಕರಾರು ಪತ್ರದ ಜೊತೆ ಮೇಲ್ ಮಾಡಿ. ಹೊಸ ಮನೆ ಸಿಗಲಿ ಆಮೇಲೆ ಹಾಕೋಣ ಅಂತ ಕಾಯಬೇಡಿ, ತಡವಾದ ಅರ್ಜಿಯನ್ನು ಸಾಮಾನ್ಯವಾಗಿ ಹೊತ್ತಿಗೆ ಬಂದದ್ದೆಲ್ಲ ಮುಗಿದ ಮೇಲೇ ನೋಡುತ್ತಾರೆ. ನೆಂಟರ ವಿಳಾಸ ಕೊಡುವ ಯೋಚನೆ ಬೇಡವೇ ಬೇಡ. ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ದಾಖಲೆ ಅವರ ಹತ್ತಿರವೇ ಇರುತ್ತದೆ, ಸಿಕ್ಕಿಬಿದ್ದರೆ ಕೊಟ್ಟ ಸೀಟನ್ನೂ ವಾಪಸ್ ತಗೊಳ್ಳಬಹುದು.

ಹನ್ನೊಂದುಮೇಲ್:

ಒಂದು ಮಾತು ಯಾರೂ ಹೇಳಲಿಲ್ಲ. ಅಡುಗೆ ಅಂದಿರಲ್ಲ, ಆ ಅಡುಗೆಮನೆಗೆ ನಾವೂ ಇಣುಕಬಹುದು. 2026ರ ಸೆಪ್ಟೆಂಬರಿನ ನಿಯಮ 2025ರ ಫೆಬ್ರವರಿ 28ರೊಳಗೇ ತೀರ್ಮಾನ ಆಗಿದೆ, ಈಗ ಜಗಳ ಮಾಡಿ ಪ್ರಯೋಜನ ಇಲ್ಲ. ಆದರೆ 2027ರ ನಿಯಮ ಈಗ ಬೇಯುತ್ತಿದೆ. ಬದಲಾವಣೆ ಮಾಡುವುದಾದರೆ ಅಕ್ಟೋಬರ್ 1ರಿಂದ ಜನವರಿ 31ರ ನಡುವೆ ಕನಿಷ್ಠ ಆರು ವಾರ ಜನರ ಅಭಿಪ್ರಾಯ ಕೇಳಬೇಕು. ಬದಲಾವಣೆ ಇಲ್ಲದಿದ್ದರೂ ಏಳು ವರ್ಷಕ್ಕೊಮ್ಮೆಯಾದರೂ ಕೇಳಲೇಬೇಕು. ತೀರ್ಮಾನ ಆದ ಮೇಲೆ ತಪ್ಪು ಕಂಡರೆ ಮೇ 15ರೊಳಗೆ ಇಂಥ ದೂರು ತೀರ್ಮಾನಿಸುವ ಸ್ಕೂಲ್ಸ್ ಅಡ್ಜುಡಿಕೇಟರಿಗೆ ಆಕ್ಷೇಪಣೆ ಬರೆಯಬಹುದು, ಅದು ತಾಯಿ ತಂದೆ ಯಾರು ಬೇಕಾದರೂ.

ನಮ್ಮ ಕಡೆ ಒಂದು ಅಕಾಡೆಮಿ ಎರಡು ವರ್ಷದ ಹಿಂದೆ ಒಡಹುಟ್ಟಿದವರ ಆದ್ಯತೆಯನ್ನು ಕ್ಯಾಚ್‌ಮೆಂಟಿನ ಒಳಗಿನವರಿಗೆ ಮಾತ್ರ ಅಂತ ಮಾಡಲು ಹೊರಟಿತ್ತು. ನೋಟಿಸು ಎಲ್ಲಿತ್ತು ಗೊತ್ತಾ? ವೆಬ್‌ಸೈಟಿನಲ್ಲಿ ಊಟದ ಮೆನುವಿನ ಕೆಳಗೆ ಒಂದು ಪಿಡಿಎಫ್. ಒಬ್ಬ ಅಮ್ಮ ಮೆನು ನೋಡಲು ಹೋಗಿ ಅದನ್ನು ಕಂಡರು. ಅಣ್ಣ ಒಂದು ಶಾಲೆ, ತಂಗಿ ಇನ್ನೊಂದು ಶಾಲೆ, ಎಂಟೂ ಮುಕ್ಕಾಲಿಗೆ ಎರಡು ಗೇಟಿನಲ್ಲಿ ಹೇಗೆ ನಿಲ್ಲುವುದು ಅಂತ ಹನ್ನೊಂದು ಜನ ಮೇಲ್ ಹಾಕಿದೆವು. ಪ್ರಸ್ತಾಪ ಕೈಬಿಟ್ಟರು. ನೂರಾರು ಮನೆಗೆ ಸಂಬಂಧಪಟ್ಟ ವಿಷಯ, ಬರೆದವರು ಹನ್ನೊಂದು ಜನ ಅಷ್ಟೆ.

ಗಡಿಮನೆ:

ಅಪ್‌ಡೇಟ್. ಮೂರೂ ಪಾಲಿಸಿ ಕೂತು ಓದಿದೆ. ಚರ್ಚ್ ಶಾಲೆಯಲ್ಲಿ ಸುತ್ತಲಿನ ಮಕ್ಕಳಿಗೆ ಅಂತ ಸೀಟು ಇಟ್ಟಿದ್ದಾರೆ, ಎರಡನೇ ಫಾರ್ಮ್ ಇವತ್ತೇ ಶಾಲೆಗೆ ಕೊಟ್ಟು ಬಂದೆ. ರಸ್ತೆಯಾಚೆಯದಕ್ಕೆ ಕ್ಯಾಚ್‌ಮೆಂಟ್ ಇಲ್ಲ, ದೂರ ಮಾತ್ರ. ಆದರೆ ಮೂರು ವರ್ಷದಲ್ಲಿ ಎರಡು ವರ್ಷ ನಮ್ಮ ಮನೆಯ ತನಕ ಬಂದಿಲ್ಲ. ಆದರೂ ಅದನ್ನೇ ಮೊದಲು ಬರೆದೆ.

ಅಕಾಡೆಮಿಗೆ ನಡೆದು ಹೋದರೆ ಸೇತುವೆ ಸುತ್ತಿಕೊಂಡು 900 ಮೀಟರ್. ಅವರ ಪಾಲಿಸಿಯಲ್ಲಿ ನೇರ ಗೆರೆ ಅಂತಿದೆ. ಗೆರೆ ಹಳಿ ದಾಟಿ ಸೀದಾ ಹೋಗುತ್ತದೆ, 400 ಮೀಟರ್ ಕೂಡ ಇಲ್ಲ.