ಫ್ಲ್ಯಾಟಿನಲ್ಲಿ ಒಂಟಿ ಬಿಟ್ಟರೆ ನಾಯಿಯ ಬೊಗಳಾಟ ನಿಲ್ಲುವುದೇ ಇಲ್ಲ, ಎಂತ ಮಾಡುವುದು?

ಬಿಜೈ_ಬೊಳ್ಳು:
ಸಾಕಾಗಿ ಹೋಗಿದೆ. ನಾವಿಬ್ಬರೂ ಆಫೀಸಿಗೆ ಹೊರಟರೆ ಸಾಕು, ಬೊಳ್ಳು ಶುರು ಮಾಡುತ್ತಾನೆ. ಬೊಗಳುವುದು, ಊಳಿಡುವುದು, ಬಾಗಿಲು ಕೆರೆಯುವುದು. ಬಾಗಿಲಿನ ಕೆಳಭಾಗ ಪೂರ್ತಿ ಚಕ್ಕೆ ಎದ್ದಿದೆ, ಮುಂಗಾಲಿನ ಉಗುರಿನಲ್ಲಿ ರಕ್ತ. ಪಕ್ಕದ ಮನೆಯವರಿಗೆ ನೈಟ್ ಡ್ಯೂಟಿ, ಹಗಲು ಮಲಗಬೇಕು. ಅಸೋಸಿಯೇಷನ್‌ನಿಂದ ಪತ್ರವೂ ಬಂದಾಯಿತು. ಎಲ್ಲ ಮಾಡಿ ನೋಡಿದೆವು, ಏನೂ ಪ್ರಯೋಜನ ಇಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ ಮಾತ್ರ ಹೇಳಬೇಡಿ.

ತಣ್ಣೀರುಬಾವಿ_ಲ್ಯಾಬ್:
ಮಾರಾಯ್ರೇ, ಇದು ಮೈಯಲ್ಲಿ ಶಕ್ತಿ ಜಾಸ್ತಿ ಆದದ್ದು. ಬೆಳಿಗ್ಗೆ ಬಿಸಿಲೇರುವ ಮೊದಲು ಬೀಚಿಗೆ ಕರ್ಕೊಂಡು ಹೋಗಿ, ಚೆಂಡು ಎಸೆದು ಓಡಿಸಿ. ಸುಸ್ತಾದ ನಾಯಿ ಬೊಗಳುವುದಿಲ್ಲ.

ಮಣಿಪಾಲ_ಬೀಗಲ್:
ಪ್ರಾಯ ಎಷ್ಟು? ಯಾವ ಜಾತಿ? ಮೊದಲಿಂದಲೂ ಹೀಗೆಯಾ, ಈಚೆಗೆ ಶುರುವಾದದ್ದಾ? "ಎಲ್ಲ ಮಾಡಿ ನೋಡಿದೆವು" ಅಂದರೆ ಎಂತೆಲ್ಲ? ಇದು ಗೊತ್ತಾಗದೆ ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಹಳೇ ಫೋನ್ ಒಂದಿದ್ದರೆ ಬಾಗಿಲ ಕಡೆ ಮುಖ ಮಾಡಿ ಇಡಿ, ರೆಕಾರ್ಡ್ ಮಾಡಿ. ನೀವು ಹೋದ ಮೇಲೆ ಮೊದಲ ಅರ್ಧ ಗಂಟೆ ಏನಾಗುತ್ತದೆ ಅಂತ ನೋಡಬೇಕು.

ತಣ್ಣೀರುಬಾವಿ_ಲ್ಯಾಬ್:
ವಿಡಿಯೋ ಎಲ್ಲ ಯಾಕೆ? ನಮ್ಮ ಲ್ಯಾಬ್ ಬೀಚಿಂದ ಬಂದು ಬಿದ್ದರೆ ಮಧ್ಯಾಹ್ನದವರೆಗೆ ಏಳುವುದಿಲ್ಲ.

ಕಟಪಾಡಿ_ಶೆಡ್:
ಬೀಚಿನ ಉಪ್ಪು ನೀರು ಕುಡಿದು ನಮ್ಮದಕ್ಕೆ ಭೇದಿ ಹಿಡಿದಿತ್ತು, ಅದನ್ನೂ ಹೇಳಿ. ನನ್ನ ಪ್ರಕಾರ ದೊಡ್ಡ ಕೇಜ್ ತಗೊಳ್ಳಿ. ಒಳಗೆ ಹಾಕಿ ಮೇಲೆ ಬಟ್ಟೆ ಹೊದಿಸಿ. ಬಾಗಿಲೂ ಉಳಿಯುತ್ತದೆ.

ಮಣಿಪಾಲ_ಬೀಗಲ್:
ದಯವಿಟ್ಟು ಈಗ ಕೇಜ್ ಬೇಡ. ಉಗುರು ಕಿತ್ತು ರಕ್ತ ಬರುವಷ್ಟು ಹೆದರುವ ನಾಯಿ ಕೇಜಿನ ಸರಳು ಕಚ್ಚಿ ಹಲ್ಲು ಮುರ್ಕೊಳ್ಳುತ್ತದೆ. ನಿಮ್ಮ ನಾಯಿ ಕೇಜಿನಲ್ಲಿ ಆರಾಮಾಗಿ ಮಲಗಿದರೆ ಸಂತೋಷ, ಆದರೆ ಎಲ್ಲದಕ್ಕೂ ಅದು ಆಗುವುದಿಲ್ಲ.

ಕಟಪಾಡಿ_ಶೆಡ್:
ಅಲ್ಲ ಸ್ವಾಮಿ, ಚಿಕ್ಕಂದಿನಲ್ಲೇ ಅಭ್ಯಾಸ ಮಾಡಿದರೆ ಏನೂ ಆಗುವುದಿಲ್ಲ. ನಮ್ಮಲ್ಲಿ ಮೂರು ನಾಯಿ, ಮೂರಕ್ಕೂ ಬೇರೆ ಬೇರೆ ಗೂಡು, ಫ್ಯಾನ್ ಸಮೇತ. ಶೀಟಿನ ಮೇಲೆ ತೆಂಗಿನ ಮಡಲು ಹೊದಿಸಿದ್ದೇವೆ, ಸೆಕೆ ಗೊತ್ತೇ ಆಗುವುದಿಲ್ಲ.

ಬಿಜೈ_ಬೊಳ್ಳು:
ಊರ ನಾಯಿ. ಮೂರು ವರ್ಷ. ಮರಿಯಿಂದ ನಮ್ಮಲ್ಲೇ ಇದೆ. ಮೊದಲು ಹೀಗಿರಲಿಲ್ಲ. ಅತ್ತೆ ದಿನವಿಡೀ ಮನೆಯಲ್ಲಿ ಇರುತ್ತಿದ್ದರು. ಅವರು ಕುಂದಾಪುರಕ್ಕೆ ಹೋದ ಮೇಲೆ ಇದೆಲ್ಲ. ಜೋರು ಮಾಡಿದೆವು, ಟಿವಿ ಹಾಕಿಟ್ಟು ಹೋದೆವು, ರಬ್ಬರ್ ಆಟಿಕೆಯಲ್ಲಿ ಪೀನಟ್ ಬಟರ್ ತುಂಬಿಸಿ ಇಟ್ಟೆವು. ಮುಟ್ಟುವುದೇ ಇಲ್ಲ. ನಾವು ಬಂದ ಮೇಲೆ ಅದೇ ಆಟಿಕೆ ಖಾಲಿ ಮಾಡುತ್ತಾನೆ. ಹೆಲ್ಮೆಟ್ ಕೈಗೆ ತಗೊಂಡರೆ ಸಾಕು, ಏದುಸಿರು.

ಬ್ರಹ್ಮಾವರ_ಇಂಡಿ:
ತಮ್ಮಾ, ಅತ್ತೆಯ ವಿಷಯವನ್ನು ಮೊದಲೇ ಹೇಳಬೇಕಿತ್ತಲ್ಲ! ಮತ್ತೆ ಪೀನಟ್ ಬಟರ್ ಡಬ್ಬಿಯ ಹಿಂದೆ ಓದಿ. ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಅಂತ ಇದ್ದರೆ ಕೂಡಲೇ ನಿಲ್ಲಿಸಿ. ನಾಯಿಗೆ ಅದು ವಿಷ.

ತಣ್ಣೀರುಬಾವಿ_ಲ್ಯಾಬ್:
ಪೀನಟ್ ಬಟರ್ ಯಾಕೆ? ಕುಚ್ಚಲಕ್ಕಿ ಗಂಜಿಗೆ ಮುಳ್ಳು ತೆಗೆದ ಬಂಗುಡೆ ಕಲಸಿ ಫ್ರೀಜ್ ಮಾಡಿ ಕೊಡಿ. ಬಿಡುವುದೇ ಇಲ್ಲ.

ಮಣಿಪಾಲ_ಬೀಗಲ್:
ಬಂಗುಡೆ ಕೊಟ್ಟರೂ ಆಗ ತಿನ್ನುವುದಿಲ್ಲ. ನೀವು ಬಂದ ಮೇಲೆ ತಿನ್ನುತ್ತಾನೆ ಅಂದಿರಲ್ಲ, ಗುಟ್ಟು ಇರುವುದು ಅಲ್ಲೇ. ಹೆದರಿದ ನಾಯಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಇದು ಹಟ ಅಲ್ಲ, ಸೇಡು ಅಲ್ಲ. ಹಾಗಾಗಿ ಜೋರು ಮಾಡುವುದನ್ನು ಇವತ್ತೇ ನಿಲ್ಲಿಸಿ. ಲಿಫ್ಟಿನಲ್ಲಿ ಸಿಕ್ಕಿಬಿದ್ದು ಹೆದರುವವನನ್ನು ಮೊದಲೇ ಮೈದಾನದಲ್ಲಿ ಓಡಿಸಿದ್ದರೆ ಹೆದರಿಕೆ ಕಡಿಮೆ ಆಗುತ್ತಿತ್ತಾ? ವ್ಯಾಯಾಮ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಇದಕ್ಕೆ ಅದು ಮದ್ದಲ್ಲ.

ಮೊದಲು ಹೆಲ್ಮೆಟ್. ಹೋಗುವ ಕೆಲಸ ಇಲ್ಲದಾಗ ಅದನ್ನು ತೆಗೆಯಿರಿ, ಸೋಫಾದಲ್ಲಿ ಕೂತು ಫೋನ್ ನೋಡಿ, ವಾಪಸ್ ಇಡಿ. ಕೀ, ಶೂ, ಬ್ಯಾಗ್ ಎಲ್ಲಕ್ಕೂ ಹೀಗೆಯೇ. ಬೊಳ್ಳು ತಲೆ ಎತ್ತಿಯೂ ನೋಡದ ಹಾಗೆ ಆಗುವ ತನಕ ಇದೇ ಕೆಲಸ. ಆಮೇಲೆ ಬಾಗಿಲು. ಚಿಲಕ ತೆಗೆದು ಹಾಕಿ, ಹೊರಗೆ ಹೋಗಬೇಡಿ. ಅದು ಮಾಮೂಲಿ ಆದರೆ ಹೊರಗೆ ಕಾಲಿಟ್ಟು ಕೂಡಲೇ ಒಳಗೆ ಬನ್ನಿ. ಮತ್ತೆ 5 ಸೆಕೆಂಡು, 10, ಪುನಃ 3, ಆಮೇಲೆ 20. ಪ್ರತಿ ಸಲ ಏರಿಸುತ್ತಾ ಹೋದರೆ ನಾಯಿಗೂ ಲೆಕ್ಕ ಗೊತ್ತಾಗುತ್ತದೆ. ಅವನು ಬೊಗಳಿದ ಮೇಲೆ ಬರುವುದಲ್ಲ, ಹೆದರುವ ಮೊದಲೇ ಬರಬೇಕು. ಬಾಯಿ ಚಪ್ಪರಿಸುವುದು, ಸುಮ್ನೆ ಆಕಳಿಸುವುದು, ಬಾಗಿಲಿಗೂ ಹಾಲ್‌ಗೂ ಓಡಾಡುವುದು ವಿಡಿಯೋದಲ್ಲಿ ಕಂಡರೆ ನೀವು ಜಾಸ್ತಿ ಹೊತ್ತು ಬಿಟ್ಟಿದ್ದೀರಿ ಅಂತ ಅರ್ಥ. ಮರುದಿನ ಕಡಿಮೆ ಮಾಡಿ.

ಕಷ್ಟದ ಭಾಗ ಇನ್ನೊಂದು ಉಂಟು. ಅಭ್ಯಾಸ ನಡೆಯುವಷ್ಟು ಕಾಲ ಅವನು ತಡಕೊಳ್ಳುವುದಕ್ಕಿಂತ ಜಾಸ್ತಿ ಹೊತ್ತು ಒಂಟಿ ಇರಬಾರದು. ಸಂಜೆ 20 ಸೆಕೆಂಡು ಕಲಿಸಿ ಬೆಳಿಗ್ಗೆಯಿಂದ 9 ಗಂಟೆ ಹೊತ್ತು ಕೂಡಿ ಹಾಕಿದರೆ ಕಲಿತದ್ದೆಲ್ಲ ನೀರಿಗೆ ಹೋಯಿತು.

ಕಟಪಾಡಿ_ಶೆಡ್:
ಕೆಲಸಕ್ಕೆ ಹೋಗುವವರಿಗೆ ಇದೆಲ್ಲ ಆಗುವ ಮಾತಾ? ಇನ್ನೊಂದು ನಾಯಿ ತಂದರೆ ಜೊತೆ ಆಗುತ್ತದೆ, ಮುಗಿಯಿತು.

ಬ್ರಹ್ಮಾವರ_ಇಂಡಿ:
ಇನ್ನೊಂದು ನಾಯಿ ಬೇಕಿದ್ದರೆ ತನ್ನಿ, ಇದಕ್ಕಾಗಿ ತರಬೇಡಿ. ಅವನು ಹುಡುಕುವುದು ಮನುಷ್ಯರನ್ನು. ನಮ್ಮ ಕೆಂಚಿಗೆ ಇದೇ ಆಗಿತ್ತು. ಕೆಳಗಿನ ಮನೆಯ ರಿಟೈರ್ಡ್ ಟೀಚರ್ ಹಗಲು ನೋಡಿಕೊಂಡರು, ನಾನು ಸಂಜೆ ಅಭ್ಯಾಸ ಮಾಡಿಸಿದೆ. ಅಷ್ಟಾದರೂ ಸಾಲದೆ ವೆಟ್ ಹತ್ತಿರ ಹೋದೆವು, ಮಾತ್ರೆ ಕೊಟ್ಟರು. ಮಾತ್ರೆ ಅಂದ ಕೂಡಲೇ ಗಾಬರಿ ಬೇಡ. ನಾಯಿಗಳ ಈ ತೊಂದರೆಗೆಂದೇ ಅಮೆರಿಕದಲ್ಲಿ ಕ್ಲೋಮಿಪ್ರಮಿನ್‌ಗೆ 1998ರಲ್ಲಿ, ಫ್ಲೂಆಕ್ಸಿಟಿನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿದೆ. ಪೂರ್ತಿ ಪರಿಣಾಮಕ್ಕೆ ಕೆಲವು ವಾರ ಬೇಕು. ಮನುಷ್ಯರ ಮಾತ್ರೆ ಅರ್ಧ ಮಾಡಿ ಕೊಡುವ ಕೆಲಸ ಮಾತ್ರ ಬೇಡ, ಡೋಸ್ ವೆಟ್ ಹೇಳಬೇಕು. ಅಸೋಸಿಯೇಷನ್ ಬಗ್ಗೆ: ಬೊಗಳುತ್ತದೆ ಅಂತ ನಾಯಿ ಸಾಕುವುದನ್ನೇ ನಿಷೇಧಿಸುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ಉಂಟು. ಆದರೆ ಕಾಗದ ಹಿಡಿದು ಜಗಳಕ್ಕೆ ಹೋಗುವ ಮೊದಲು ಪಕ್ಕದ ಮನೆಯವರ ಹತ್ತಿರ ಕೂತು ಮಾತಾಡಿ. ಪಾಪ, ಅವರಿಗೂ ನಿದ್ದೆ ಬೇಕಲ್ವಾ?

ತಣ್ಣೀರುಬಾವಿ_ಲ್ಯಾಬ್:
ಕ್ಯಾಮೆರಾ ಬೇಕಿದ್ದರೆ ತಿರುಗುವಂಥದ್ದು ತಗೊಳ್ಳಿ. ನಮ್ಮಲ್ಲಿ ಹಾಲಿಗೆ ಒಂದು, ಸಿಟ್‌ಔಟಿಗೆ ಒಂದು. ರಾತ್ರಿಯೂ ಕ್ಲಿಯರ್.

ಕಟಪಾಡಿ_ಶೆಡ್:
ಕರೆಂಟ್ ಹೋದರೆ ವೈಫೈ ಉಳಿಯುತ್ತದಾ? ಇನ್ವರ್ಟರ್ ಯಾವುದು?

ಬಿಜೈ_ಬೊಳ್ಳು:
ವಿಡಿಯೋ ನೋಡಿದೆವು. ಲಿಫ್ಟಿನ ಬಾಗಿಲು ಹಾಕಿದ ಸದ್ದು ಕೇಳುವವರೆಗೆ ಕಿವಿ ನೆಟ್ಟಗೆ, ಸುಮ್ನೆ ನಿಂತಿರುತ್ತಾನೆ. ಆಮೇಲೆ ಶುರು. ನೆಲದ ಮೇಲೆ ಜೊಲ್ಲು ಹೊಳೆಯುವುದು ಕೂಡ ಕಾಣುತ್ತದೆ. ನೋಡಿ ನನ್ನ ಹೆಂಡತಿ ಅತ್ತುಬಿಟ್ಟಳು. ಈಗ ಹೆಲ್ಮೆಟ್ ತೆಗೆದರೆ ಮಲಗಿದಲ್ಲೇ ಇರುತ್ತಾನೆ. ಬಾಗಿಲ ಹೊರಗೆ ಒಂದು ನಿಮಿಷ ನಿಂತರೂ ಪರವಾಗಿಲ್ಲ. ಆದರೆ ನಿನ್ನೆ ಸಂಜೆ ಗುಡುಗಿತು, ಪುನಃ ಬಾಗಿಲು ಕೆರೆದ.

ಮಣಿಪಾಲ_ಬೀಗಲ್:
ಒಳ್ಳೆಯ ಸುದ್ದಿ! ಇನ್ನು ಲಿಫ್ಟಿನ ಸದ್ದನ್ನೂ ಅಭ್ಯಾಸಕ್ಕೆ ಸೇರಿಸಿ, ಬಟನ್ ಒತ್ತಿ ವಾಪಸ್ ಬನ್ನಿ. ಗುಡುಗುವ ದಿನ, ಭೂತಕೋಲಕ್ಕೆ ಗರ್ನಾಲು (ಪಟಾಕಿ) ಹೊಡೆಯುವ ದಿನ ಅಭ್ಯಾಸ ಬೇಡ, ಜೊತೆಗಿರಿ. ಸದ್ದಿನ ಹೆದರಿಕೆ ಬೇರೆಯೇ, ಎರಡೂ ಒಟ್ಟಿಗೆ ಇರುವ ನಾಯಿಗಳು ತುಂಬ ಇವೆ. ವೆಟ್‌ಗೆ ಇದನ್ನೂ ಹೇಳಿ. ಹಗಲು ಎಲ್ಲಿ ಬಿಡುತ್ತಿದ್ದೀರಿ?

ಬಿಜೈ_ಬೊಳ್ಳು:
ಸದ್ಯ ನಾನು ವರ್ಕ್ ಫ್ರಮ್ ಹೋಮ್. ಈ ತಿಂಗಳ ಕೊನೆಯವರೆಗೆ ಮಾತ್ರ. ಆಮೇಲೆ ಅತ್ತೆ ಬರುವವರೆಗೆ ಹಗಲು ನೋಡಿಕೊಳ್ಳುವವರು ಬೇಕು. ಬಿಜೈ, ಕದ್ರಿ, ಕೊಟ್ಟಾರ ಕಡೆ ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಬೆಕ್ಕು ಇಲ್ಲದ ಮನೆ ಆಗಬೇಕು.