ಡಚ್: ‘ಸ್ಲಾಪೆಂಡ್’ ಒಮ್ಮೆ ಸರಿ, ಒಮ್ಮೆ ತಪ್ಪು! ಸಹಾಯ ಬೇಕು

ಮೈಸೂರ್_ಟು_ಐಂಡ್‌ಹೋವನ್:
ಸಾಕಾಗಿ ಹೋಗಿದೆ. ಕ್ರಿಯಾಪದಕ್ಕೆ ಡಿ ಸೇರಿಸಿದರೆ ‘ಮಾಡುತ್ತಿರುವ’ ಅನ್ನುವ ಅರ್ಥ ಬರುತ್ತೆ, ಸ್ಲಾಪೆನ್ (ನಿದ್ದೆ ಮಾಡು) ಹೋಗಿ ಸ್ಲಾಪೆಂಡ್ ಆಗುತ್ತೆ ಅಂತ ಕ್ಲಾಸಲ್ಲಿ ಹೇಳಿದರು. ಹಾಗೇ ಬರೆದೆ. ಅಭ್ಯಾಸದ ಆ್ಯಪ್‌ನಲ್ಲಿ ಒಮ್ಮೆ ಹಸಿರು, ಮುಂದಿನ ಪ್ರಶ್ನೆಗೇ ಕೆಂಪು. ಪದದ ಕೊನೆಗೆ ‘ಎ’ (e ಅಕ್ಷರ) ಸೇರಿಸಿದರೂ ಅದೇ ಕಥೆ. ಎನ್‌ಟಿ2 (ಎರಡನೇ ಭಾಷೆಯಾಗಿ ಡಚ್) ಪರೀಕ್ಷೆ ಬೇರೆ ಹತ್ತಿರ ಬಂತು.

ಡೆಲ್ಫ್ಟ್_ಹುಡುಗ:
ಇದು ಉಚ್ಚಾರಣೆಯ ಸಮಸ್ಯೆ. ಕೊನೆಯ ಡ ಅನ್ನು ಅವರು ಟ ಅಂತಾರೆ. ಕೇಳಿಸಿದ ಹಾಗೆ ಟಿ ಬರೆದಿರುತ್ತೀರಿ.

ಮೈಸೂರ್_ಟು_ಐಂಡ್‌ಹೋವನ್:
ಇಲ್ಲ ಸರ್, ಡಿ ಅಂತಲೇ ಬರೆದಿದ್ದೇನೆ.

ಡೆಲ್ಫ್ಟ್_ಹುಡುಗ:
ಇನ್ನೊಮ್ಮೆ ನೋಡಿ. ಇಂಗ್ಲಿಷ್ ಕೀಬೋರ್ಡ್ ಇದ್ದರೆ ಫೋನ್ ತಾನಾಗೇ ಪದ ತಿದ್ದುತ್ತೆ.

ಉಟ್ರೆಕ್ಟ್_ಅಕ್ಕ:
ಕೀಬೋರ್ಡ್ ಬಿಡಿ. ಪದದ ಮುಂದೆ ಏನಿತ್ತು? ಹಿಂದೆ ‘ಅನ್’ (ಒಂದು) ಇತ್ತಾ, ‘ಹೆಟ್’ (ಇಂಗ್ಲಿಷಿನ ‘ದಿ’) ಇತ್ತಾ?

ಮೈಸೂರ್_ಟು_ಐಂಡ್‌ಹೋವನ್:
ಎರಡರಲ್ಲೂ ‘ಅನ್’, ಆಮೇಲೆ ಮಗು. ಒಂದರಲ್ಲಿ ಕಿಂಡ್, ಇನ್ನೊಂದರಲ್ಲಿ ಬೇಬಿ. ಎರಡೂ ಒಂದೇ ಅಲ್ವಾ?

ಉಟ್ರೆಕ್ಟ್_ಅಕ್ಕ:
ಅಲ್ಲೇ ಇರೋದು ವಿಷಯ. ‘ದಿ’ಗೆ ಡಚ್‌ನಲ್ಲಿ ‘ಹೆಟ್’, ‘ಡೆ’ ಅಂತ ಎರಡಿವೆ; ಕಿಂಡ್ ‘ಹೆಟ್’ ಪದ, ಬೇಬಿ ‘ಡೆ’ ಪದ. ಹಾಗಾಗಿ ಅನ್ ಸ್ಲಾಪೆಂಡ್ ಕಿಂಡ್, ಆದರೆ ಅನ್ ಸ್ಲಾಪೆಂಡೆ ಬೇಬಿ. ಅದೇ ಕಿಂಡ್ ಹಿಂದೆ ಹೆಟ್ ಅಥವಾ ಮೈನ್ (ನನ್ನ) ಬಂದರೆ ಮತ್ತೆ ‘ಎ’ ಬೇಕು: ಹೆಟ್ ಸ್ಲಾಪೆಂಡೆ ಕಿಂಡ್. ಉಳಿದ ವಿಶೇಷಣಗಳಿಗೂ ಇದೇ ನಿಯಮ. ಬರುವ ವಾರ ಕೋಮೆಂಡೆ ವೇಕ್, ಬರುವ ವರ್ಷ ಕೋಮೆಂಡ್ ಯಾರ್. ದಿನಾ ಕೇಳ್ತೀರಲ್ಲ!

ಡೆಲ್ಫ್ಟ್_ಹುಡುಗ:
ಆದರೂ ಉಚ್ಚಾರಣೆ ಮುಖ್ಯ. ‘ಎ’ ಸೇರಿದಾಗ ಮಾತ್ರ ಡ ಸ್ಪಷ್ಟವಾಗಿ ಕೇಳಿಸುತ್ತೆ.

ಉಟ್ರೆಕ್ಟ್_ಅಕ್ಕ:
ಅದು ಸರಿ, ಆದರೆ ಇವರು ಕೇಳಿದ್ದು ಬರೆಯೋದರ ಬಗ್ಗೆ.

ಲೈಡನ್_ವಾಸಿ:
ನಾನು ಆಂಕಿ (ಪದ ನೆನಪಿಡುವ ಆ್ಯಪ್) ಕಾರ್ಡುಗಳಲ್ಲಿ ‘ಡೆ’ ಪದಕ್ಕೆ ನೀಲಿ, ‘ಹೆಟ್’ ಪದಕ್ಕೆ ಕಿತ್ತಳೆ ಬಣ್ಣ ಕೊಟ್ಟಿದ್ದೇನೆ. ಪ್ರತಿ ಕಾರ್ಡಿಗೂ ಧ್ವನಿ ಇದೆ. ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಮೂರರಲ್ಲೂ ಸಿಂಕ್ ಆಗುತ್ತೆ. ಯಾರಿಗೆ ಬೇಕು ಹೇಳಿ, ಕಳಿಸ್ತೇನೆ.

ಮೈಸೂರ್_ಟು_ಐಂಡ್‌ಹೋವನ್:
ನನಗೆ ಬೇಕು. ಹಾಗಾದರೆ ‘ಡೆ ಬೇಬಿ ಈಸ್ ಸ್ಲಾಪೆಂಡ್’ ಅನ್ನಬಹುದಾ?

ಉಟ್ರೆಕ್ಟ್_ಅಕ್ಕ:
ಬೇಡ. ‘ಡೆ ಬೇಬಿ ಸ್ಲಾಪ್ಟ್’ ಅಂತಾರೆ. ‘ಡೆ ಫಿಲ್ಮ್ ಈಸ್ ಸ್ಪಾನೆಂಡ್’ (ಸಿನಿಮಾ ರೋಚಕವಾಗಿದೆ) ಮಾತ್ರ ಸರಿ, ಸ್ಪಾನೆಂಡ್ ಈಗ ಪೂರ್ತಿ ವಿಶೇಷಣವೇ. ಈಸ್ ಆದಮೇಲೆ ‘ಎ’ ಬರಲ್ಲ.

ಇನ್ನೊಂದು. ಪತ್ರಿಕೆಗಳಲ್ಲಿ ‘ಡೆ ಇನ್ ಹೆಟ್ ಪಾರ್ಕ್ ಸ್ಪೇಲೆಂಡೆ ಕಿಂಡರೆನ್’ ತರದ ಸಾಲು ಸಿಗುತ್ತೆ. ಹೆದರಬೇಡಿ. ಪಾರ್ಕಿನಲ್ಲಿ ಆಡುತ್ತಿರುವ ಮಕ್ಕಳು. ಪದಗಳು ಬರುವ ಕ್ರಮ ನಮ್ಮದೇ. ಇಂಗ್ಲಿಷ್ ಮೂಲಕ ಹೋದರೇ ಕಷ್ಟ.

ಡೆಲ್ಫ್ಟ್_ಹುಡುಗ:
ಕೀಬೋರ್ಡ್ ಡಚ್‌ಗೆ ಬದಲಾಯಿಸಿದ್ರಾ?

ಮೈಸೂರ್_ಟು_ಐಂಡ್‌ಹೋವನ್:
ಬದಲಾಯಿಸಿದೆ. ಅಕ್ಕಾ, ಪುಸ್ತಕದಲ್ಲಿ ‘ಅಲ್ ಡೂಂಡೆ’ (ಮಾಡ್ತಾ ಮಾಡ್ತಾ) ಅಂತ ಇದೆ. ಅಲ್ಲಿ ನಾಮಪದವೇ ಇಲ್ಲ, ಮತ್ತೆ ‘ಎ’ ಎಲ್ಲಿಂದ ಬಂತು?